ಉಗ್ರಾಣದಿಂದ ಕೊಟ್ಟಿಗೆಯವರೆಗೆ

ಜಾನುವಾರು ಹಾಗೂ ಸಾಕುಪ್ರಾಣಿಗಳ ವಿಷಬಾಧೆ: ವರ್ತಕರೂ ಸಣ್ಣ ಉದ್ಯಮಿಗಳೂ ಗಮನಿಸಬೇಕಾದ ಸಂಗತಿಗಳು

ಸಂಜೆ ಚೆನ್ನಾಗಿ ಮೇವು ತಿಂದು ಹಾಲು ಕೊಟ್ಟ ಹಸು ಬೆಳಿಗ್ಗೆ ಕೊಟ್ಟಿಗೆಯಲ್ಲಿ ಸತ್ತು ಬಿದ್ದಿದ್ದರೆ ಮನೆಯವರ ಮೊದಲ ಅನುಮಾನ ಹಾವಿನ ಮೇಲೆ, ಎರಡನೆಯದು ಹಗೆ ಸಾಧಿಸುವ ನೆರೆಯವನ ಮೇಲೆ ಬೀಳುತ್ತದೆ. ಹಾವು ಕಚ್ಚಿ ದನ ಸಾಯುವುದೂ ಉಂಟು, ಹಗೆಯಿಂದ ವಿಷವಿಕ್ಕುವವರೂ ಇಲ್ಲದಿಲ್ಲ. ಆದರೆ ಇವೆರಡಕ್ಕೂ ಸಂಬಂಧವಿಲ್ಲದೆ, ಯಾರಿಗೂ ಕೆಟ್ಟ ಉದ್ದೇಶವಿಲ್ಲದೆ ನಡೆಯುವ ವಿಷಬಾಧೆಗಳು ಬಹಳ. ಬೂಷ್ಟು ಹಿಡಿದ ಹಿಂಡಿ, ನೀರಿನ ತೊಟ್ಟಿಯಲ್ಲಿ ತೊಳೆದ ಗೊಬ್ಬರದ ಚೀಲ, ಇಲಿಗೆಂದು ಇಟ್ಟ ಬಿಲ್ಲೆ, ತಿಪ್ಪೆಗೆ ಎಸೆದ ಬ್ಯಾಟರಿಯ ತಗಡು, ಬಾಯಿ ತೆರೆದ ಬಣ್ಣದ ಡಬ್ಬಿ ಇವು ಅದರ ಸಾಮಾನ್ಯ ಕಾರಣಗಳು.

ಈ ಪಟ್ಟಿಯ ಪ್ರತಿಯೊಂದು ವಸ್ತುವೂ ಕೊಟ್ಟಿಗೆ ಸೇರುವ ಮುನ್ನ ಒಂದು ಅಂಗಡಿಯ ಕಟ್ಟೆಯನ್ನೋ ಒಂದು ಕಾರ್ಖಾನೆಯ ಬಾಗಿಲನ್ನೋ ದಾಟಿ ಬಂದಿರುತ್ತದೆ. ಪಶುವೈದ್ಯರ ಕೈಗೆ ಪ್ರಕರಣ ತಲಪುವ ಹೊತ್ತಿಗೆ ಕಾಲ ಮೀರಿರುವುದೇ ಹೆಚ್ಚು. ಅದನ್ನು ತಡೆಯುವ ಅವಕಾಶ ಬಹುಮಟ್ಟಿಗೆ ದಾಸ್ತಾನು ಮಾಡುವವರ, ಚೀಲ ತುಂಬುವವರ, ಬಿಡಿಯಾಗಿ ತೂಗಿ ಕೊಡುವವರ ಕೈಯಲ್ಲಿದೆ. ಪಶು ಆಹಾರ, ಎಣ್ಣೆಕಾಳು, ರಸಗೊಬ್ಬರ, ಕೀಟನಾಶಕಗಳ ವ್ಯವಹಾರದಲ್ಲಿರುವ ಸದಸ್ಯರಿಗೆ ಈ ವಿಷಯ ನೇರವಾಗಿ ಸಂಬಂಧಿಸಿದ್ದು. ಉಳಿದವರಿಗೂ ಅಷ್ಟೇನೂ ದೂರದ್ದಲ್ಲ.

ಮಿಷಿಗನ್‌ನ ಕಂದು ಚೀಲಗಳು

ಚೀಲವೊಂದು ಬದಲಾದರೆ ಏನಾಗಬಹುದೆಂಬುದಕ್ಕೆ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 1973ರಲ್ಲಿ ನಡೆದ ಘಟನೆಗಿಂತ ದೊಡ್ಡ ನಿದರ್ಶನ ಬೇಕಿಲ್ಲ. ಅಲ್ಲಿನ ರಾಸಾಯನಿಕ ಕಂಪನಿಯೊಂದು ಎರಡು ಪದಾರ್ಥಗಳನ್ನು ತಯಾರಿಸುತ್ತಿತ್ತು. ಒಂದರ ಹೆಸರು ನ್ಯೂಟ್ರಿಮಾಸ್ಟರ್. ಅದು ಹಾಲಿನ ಹಸುಗಳ ಆಹಾರಕ್ಕೆ ಬೆರೆಸುವ ಮೆಗ್ನೀಸಿಯಂ ಆಕ್ಸೈಡ್. ಇನ್ನೊಂದರ ಹೆಸರು ಫೈರ್‌ಮಾಸ್ಟರ್. ಅದು ಪ್ಲಾಸ್ಟಿಕ್ಕಿಗೆ ಬೆಂಕಿ ಹತ್ತದಂತೆ ಬೆರೆಸುವ ಬ್ರೋಮಿನ್‌ಯುಕ್ತ ರಾಸಾಯನಿಕ, ಅಂದರೆ ಪಿಬಿಬಿ. ಎರಡನ್ನೂ ಬೇರೆ ಬೇರೆ ಬಣ್ಣದ ಗುರುತಿರುವ ಚೀಲಗಳಲ್ಲಿ ತುಂಬುವುದು ವಾಡಿಕೆಯಾಗಿತ್ತು. ಅಚ್ಚು ಹಾಕಿಸಿದ ಚೀಲಗಳ ಕೊರತೆ ಬಿದ್ದಾಗ ಸಾದಾ ಕಂದು ಕಾಗದದ ಚೀಲಗಳ ಮೇಲೆ ಹೆಸರನ್ನಷ್ಟೇ ಕಪ್ಪು ಅಕ್ಷರಗಳಲ್ಲಿ ಒತ್ತಿ ಕಳುಹಿಸಲಾಯಿತು. ಹೆಸರಿನ ಅರ್ಧ ಭಾಗ ಎರಡಕ್ಕೂ ಒಂದೇ. ಪಶು ಆಹಾರ ಮಿಶ್ರಣ ಘಟಕಕ್ಕೆ ಹೋಗಬೇಕಾದ ಸರಕಿನಲ್ಲಿ ಬೆಂಕಿನಿರೋಧಕದ ಚೀಲಗಳು ಸೇರಿಹೋದವು. ಮಿಶ್ರಣ ಮಾಡುವವರು ಹೆಸರನ್ನು ಓದದೆ ಸುರಿದರು.

ಆ ವರ್ಷದ ಶರತ್ಕಾಲದಲ್ಲಿ ಫ್ರೆಡರಿಕ್ ಹಾಲ್ಬರ್ಟ್ ಎಂಬ ಹೈನುಗಾರನ ಹಸುಗಳು ಮೇವು ಬಿಟ್ಟವು, ಹಾಲು ಇಳಿಯಿತು, ಗೊರಸುಗಳು ವಿಕಾರವಾಗಿ ಬೆಳೆದವು. ಆತ ರಾಸಾಯನಿಕ ಎಂಜಿನಿಯರಿಂಗ್ ಓದಿದ್ದವನಾದ್ದರಿಂದ ಆಹಾರದ ಮೇಲೆಯೇ ಅನುಮಾನಪಟ್ಟು ಪ್ರಯೋಗಾಲಯಗಳ ಬೆನ್ನು ಹತ್ತಿದ. ಬೇರೆ ಯಾರಿಂದಲೂ ಇಂಥ ದೂರು ಬಂದಿಲ್ಲವೆಂಬ ಉತ್ತರವೇ ಅವನಿಗೆ ಆಹಾರ ಮಾರಿದವರಿಂದ ದೊರೆಯುತ್ತಿತ್ತು. ನಿಜವಾದ ಕಾರಣ ಗೊತ್ತಾದದ್ದು 1974ರ ವಸಂತದಲ್ಲಿ. ಅಷ್ಟರಲ್ಲಿ ಆ ಹಾಲು, ಮಾಂಸ, ಮೊಟ್ಟೆಗಳನ್ನು ರಾಜ್ಯದ ಲಕ್ಷಾಂತರ ಜನ ಸೇವಿಸಿದ್ದರು. ಸುಮಾರು 30,000 ದನಗಳನ್ನೂ 15 ಲಕ್ಷ ಕೋಳಿಗಳನ್ನೂ ಕೊಂದು ಹೂಳಬೇಕಾಯಿತು. ತಪ್ಪು ಚೀಲಗಳು ಮುಗಿದ ಮೇಲೂ ಮಿಶ್ರಣ ಯಂತ್ರಗಳ ಸಂದುಗಳಲ್ಲಿ ಉಳಿದಿದ್ದ ಪುಡಿ ಹೊಸ ಆಹಾರಕ್ಕೆ ಸೇರುತ್ತಲೇ ಇತ್ತು. ಆ ಕಂಪನಿಯ ಕಾರ್ಖಾನೆ 1978ರಲ್ಲಿ ಮುಚ್ಚಿತು. ಅಲ್ಲಿಯ ಜನರ ರಕ್ತದಲ್ಲಿ ಉಳಿದ ಅಂಶದ ಬಗೆಗೆ ದಶಕಗಳ ನಂತರವೂ ವೈದ್ಯಕೀಯ ಅಧ್ಯಯನ ನಡೆಯಿತು.

ಸದಸ್ಯರು ಗಮನಿಸಬೇಕಾದದ್ದು ಇಲ್ಲಿ ಅಪರಾಧದ ಉದ್ದೇಶ ಯಾರಿಗೂ ಇರಲಿಲ್ಲವೆಂಬುದನ್ನು. ಚೀಲದ ಕೊರತೆ, ಒಂದೇ ತೆರನಾದ ಹೆಸರು, ಓದದೆ ಸುರಿದ ಕೈ, ತೊಳೆಯದ ಯಂತ್ರ, ಕೊನೆಗೆ ಮೊದಲ ದೂರನ್ನು ಹಗುರವಾಗಿ ಕಂಡ ಮಾರಾಟಗಾರರು ಇವಿಷ್ಟೇ ಅದರ ಕಾರಣಗಳು. ಇವುಗಳಲ್ಲಿ ಯಾವುದೂ ನಮ್ಮ ಊರುಗಳ ಉಗ್ರಾಣಗಳಿಗೆ ಅಪರಿಚಿತವಲ್ಲ.

ತಿನ್ನುವ ಹಿಂಡಿ, ಗೊಬ್ಬರದ ಹಿಂಡಿ

ಕರ್ನಾಟಕದ ಎಷ್ಟೋ ಅಂಗಡಿಗಳಲ್ಲಿ ಶೇಂಗಾ ಹಿಂಡಿ, ಹತ್ತಿಕಾಳಿನ ಹಿಂಡಿ, ಬೂಸಾ ಚೀಲಗಳ ಪಕ್ಕದಲ್ಲಿಯೇ ಹೊಂಗೆ, ಬೇವು, ಹರಳು ಹಿಂಡಿಗಳ ಚೀಲಗಳೂ ಒಟ್ಟಿರುತ್ತವೆ. ಮೊದಲನೆಯವು ದನಕ್ಕೆ, ಎರಡನೆಯವು ತೋಟಕ್ಕೆ. ಇವುಗಳಲ್ಲಿ ಹರಳು ಹಿಂಡಿ ಅತ್ಯಂತ ಅಪಾಯಕಾರಿ. ಹರಳು ಬೀಜದಲ್ಲಿ ರೈಸಿನ್ ಎಂಬ ಉಗ್ರ ವಿಷದ ಸಸಾರಜನಕವಿದೆ. ಅದು ಎಣ್ಣೆಯೊಂದಿಗೆ ಹೋಗುವುದಿಲ್ಲ, ಹಿಂಡಿಯಲ್ಲಿಯೇ ಉಳಿಯುತ್ತದೆ. ಹೆಚ್ಚಿನ ಶಾಖ ಕೊಟ್ಟು ಸಂಸ್ಕರಿಸಿದರೆ ಅದು ನಾಶವಾಗುವುದಾದರೂ ಗೊಬ್ಬರಕ್ಕೆಂದು ಮಾರುವ ಹಿಂಡಿಯಲ್ಲಿ ಆ ಭರವಸೆ ಇಟ್ಟುಕೊಳ್ಳುವಂತಿಲ್ಲ. ತಿಂದ ಪ್ರಾಣಿಗೆ ಕೆಲವು ಗಂಟೆಗಳ ನಂತರ ರಕ್ತಭೇದಿ ಆರಂಭವಾಗುತ್ತದೆ. ಇದಕ್ಕೆ ಪ್ರತಿವಿಷವಿಲ್ಲ. ಕೈತೋಟದ ಕುಂಡಗಳಿಗೆ ಹಾಕುವ ಸಾವಯವ ಗೊಬ್ಬರದ ಪೊಟ್ಟಣಗಳಲ್ಲೂ ಹರಳು ಹಿಂಡಿ ಇರುತ್ತದೆ. ಅದರ ವಾಸನೆಗೆ ನಾಯಿಗಳು ಮಣ್ಣು ಕೆದರಿ ತಿನ್ನುತ್ತವೆ; ಹೀಗೆ ನಾಯಿಗಳು ಸತ್ತ ಪ್ರಕರಣಗಳು ಹಲವು ದೇಶಗಳಿಂದ ವರದಿಯಾಗಿವೆ. ಪೊಟ್ಟಣದ ಮೇಲೆ ‘ಸಾವಯವ’ ಎಂಬ ಪದವನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸುವ ತಯಾರಕರು ‘ಪ್ರಾಣಿಗಳಿಗೆ ವಿಷ’ ಎಂಬ ಎರಡು ಪದಗಳಿಗೂ ಅಷ್ಟೇ ಜಾಗ ಕೊಟ್ಟರೆ ಅವರಿಗೆ ಬೀಳುವ ಖರ್ಚೇನೂ ಇಲ್ಲ.

ಹತ್ತಿಕಾಳಿನ ಹಿಂಡಿಯ ವಿಚಾರ ಸ್ವಲ್ಪ ಬೇರೆ. ಅದರಲ್ಲಿರುವ ಗಾಸಿಪಾಲ್ ಎಂಬ ವಸ್ತುವನ್ನು ಮೆಲುಕು ಹಾಕುವ ಬೆಳೆದ ದನ ಒಂದು ಮಿತಿಯೊಳಗೆ ಅರಗಿಸಿಕೊಳ್ಳುತ್ತದೆ. ಎಳೆಗರು, ಹಂದಿ, ಕೋಳಿಗಳಿಗೆ ಆ ಶಕ್ತಿಯಿಲ್ಲ. ಕೋಳಿಯ ಮೊಟ್ಟೆಯ ಹಳದಿ ಭಾಗ ಹಸಿರುಗಂದು ಬಣ್ಣಕ್ಕೆ ತಿರುಗುವುದೂ ಇದರಿಂದಲೇ. ಗಿರಾಕಿ ‘ಹಿಂಡಿ ಕೊಡಿ’ ಎಂದಾಗ ‘ಯಾವ ಪ್ರಾಣಿಗೆ, ಎಷ್ಟು ವಯಸ್ಸಿನದಕ್ಕೆ?’ ಎಂದು ಕೇಳುವ ಅಂಗಡಿಯವರು ಇದ್ದಾರೆ. ಅವರ ಸಂಖ್ಯೆ ಹೆಚ್ಚಬೇಕು.

ಬೂಷ್ಟಿನ ಲೆಕ್ಕ

ಹಿಂಡಿಯ ವ್ಯಾಪಾರದಲ್ಲಿ ಅತಿ ಹೆಚ್ಚು ಹಾನಿ ಮಾಡುವ ವಿಷ ಕಣ್ಣಿಗೆ ಕಾಣುವುದಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಕೆಲವೇ ತಿಂಗಳಲ್ಲಿ ಯಕೃತ್ತು ಕೆಟ್ಟು ಸತ್ತವು. ಕಾರಣ ತಿಳಿಯದ ವೈದ್ಯರು ಅದನ್ನು ‘ಟರ್ಕಿ ಎಕ್ಸ್ ರೋಗ’ ಎಂದು ಕರೆದರು. ಬ್ರೆಜಿಲ್‌ನಿಂದ ತರಿಸಿದ ಶೇಂಗಾ ಹಿಂಡಿಯಲ್ಲಿ ಬೆಳೆದಿದ್ದ ಆಸ್ಪರ್‌ಜಿಲಸ್ ಫ್ಲೇವಸ್ ಎಂಬ ಬೂಷ್ಟು ಅದರ ಮೂಲವೆಂದು ಕೊನೆಗೆ ಪತ್ತೆಯಾಯಿತು. ಆ ಬೂಷ್ಟಿನ ಹೆಸರಿನಿಂದಲೇ ವಿಷಕ್ಕೆ ಅಫ್ಲಾಟಾಕ್ಸಿನ್ ಎಂಬ ಹೆಸರು ಬಂತು. ನಮ್ಮ ದೇಶದಲ್ಲಿ 1974ರಲ್ಲಿ ರಾಜಸ್ಥಾನದ ಬಾಂಸ್ವಾಡಾ ಮತ್ತು ಗುಜರಾತಿನ ಪಂಚಮಹಲ್ ಪ್ರದೇಶಗಳಲ್ಲಿ ಅಕಾಲ ಮಳೆಗೆ ನೆಂದು ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಕಾಮಾಲೆಯಿಂದ ಸತ್ತರು. ಅದೇ ಮನೆಗಳ ಅನ್ನ ತಿಂದ ನಾಯಿಗಳಲ್ಲೂ ಅದೇ ರೋಗ ಕಂಡುಬಂದಿತ್ತು.

ಈ ವಿಷದ ಸ್ವಭಾವವನ್ನು ಎಣ್ಣೆಗಿರಣಿಯವರು ಅರಿತಿರಬೇಕು. ಕಾಳಿನಿಂದ ಎಣ್ಣೆ ತೆಗೆದಾಗ ಅದರ ಹೆಚ್ಚಿನ ಭಾಗ ಹಿಂಡಿಯಲ್ಲಿ ನಿಲ್ಲುತ್ತದೆ. ಸಾಧಾರಣ ಶಾಖಕ್ಕೆ ಅದು ನಾಶವಾಗದು. ಹಾಲಿಗೆ ಇಳಿದ ಮೇಲೆ ಕುದಿಸಿದರೂ ಹೋಗದು. ದನ ಕೂಡಲೇ ಸಾಯುವುದೂ ಅಪರೂಪ. ಮೇವು ಕಡಿಮೆಯಾಗುತ್ತದೆ, ಹಾಲು ಇಳಿಯುತ್ತದೆ, ಗಬ್ಬ ಕಟ್ಟುವುದಿಲ್ಲ, ಕರು ಬೆಳೆಯುವುದಿಲ್ಲ. ರೈತ ತನ್ನ ಹಣೆಬರಹವನ್ನು ಹಳಿಯುತ್ತಾನೆಯೇ ಹೊರತು ಹಿಂಡಿಯನ್ನು ಹಳಿಯುವುದಿಲ್ಲ. ಬಾತುಕೋಳಿ, ಟರ್ಕಿ, ನಾಯಿಗಳಿಗೆ ಮಾತ್ರ ಇದು ಬೇಗನೆ ಮಾರಕ.

ತೇವವೇ ಎಲ್ಲದರ ಮೂಲ. ಎಣ್ಣೆಗಿರಣಿಗಳಿಗೆ ಹೆಸರಾದ ಚಳ್ಳಕೆರೆಯಂಥ ಪೇಟೆಗಳ ವರ್ತಕರಿಗೆ ಹೇಳಿಕೊಡಬೇಕಾದ ಪಾಠ ಇದಲ್ಲ. ಆದರೂ ಕಾಯಿ ಸುಲಿಯುವಾಗ ಬೀಜ ಒಡೆಯದಿರಲೆಂದು ನೀರು ಚಿಮುಕಿಸುವ ಪದ್ಧತಿ ಅಲ್ಲಲ್ಲಿ ನಡೆದುಬಂದಿದೆ. ತೂಕಕ್ಕೂ ಅದು ಸ್ವಲ್ಪ ಅನುಕೂಲವೇ. ಹಾಗೆ ನೆನೆದ ಬೀಜ ಮತ್ತೆ ಒಣಗದೆ ಚೀಲ ಸೇರಿದರೆ ಬೂಷ್ಟಿಗೆ ಬೇರೆ ಆಹ್ವಾನ ಬೇಕಿಲ್ಲ. ಬೀಜದ ತೇವ ಶೇಕಡಾ 8ರೊಳಗಿರುವಂತೆ ಒಣಗಿಸುವುದು, ಚೀಲಗಳನ್ನು ನೆಲಕ್ಕೂ ಗೋಡೆಗೂ ತಾಗದಂತೆ ಮರದ ಹಲಗೆಗಳ ಮೇಲೆ ಒಟ್ಟುವುದು, ಸೊರಗಿದ ಹಾಗೂ ಬಣ್ಣಗೆಟ್ಟ ಬೀಜಗಳನ್ನು ಆರಿಸಿ ತೆಗೆಯುವುದು ಇವೇ ಪರಿಹಾರಗಳು. ವಿಷದ ಬಹುಪಾಲು ಅಡಗಿರುವುದು ಆ ಕೆಲವೇ ಕೆಟ್ಟ ಬೀಜಗಳಲ್ಲಿ. ಆದರೆ ಹಾಗೆ ಆರಿಸಿ ತೆಗೆದ ಬೀಜ ಎಲ್ಲಿಗೆ ಹೋಗುತ್ತದೆ ಎಂಬುದು ಅಷ್ಟೇ ಮುಖ್ಯವಾದ ಪ್ರಶ್ನೆ. ಊಟದ ಶೇಂಗಾದಿಂದ ಹೊರಬಿದ್ದದ್ದು ಅಗ್ಗದ ದರಕ್ಕೆ ಗಾಣ ಸೇರಿ, ಹಿಂಡಿಯಾಗಿ ಕೊಟ್ಟಿಗೆಗೆ ಬಂದರೆ ಆರಿಸಿದ ಶ್ರಮವೆಲ್ಲ ದನದ ಪಾಲಿಗೆ ಕೇಡಾಗುತ್ತದೆ.

ಇದು ದನದೊಂದಿಗೆ ಮುಗಿಯುವ ಮಾತೂ ಅಲ್ಲ. ಹಸು ತಿಂದ ವಿಷದ ಒಂದಂಶ ರೂಪ ಬದಲಿಸಿ ಹಾಲಿಗೆ ಬರುತ್ತದೆ. ಭಾರತದಲ್ಲಿ ಹಾಲಿಗೆ ನಿಗದಿಯಾಗಿರುವ ಮಿತಿ ಕಿಲೋಗ್ರಾಮಿಗೆ 0.5 ಮೈಕ್ರೋಗ್ರಾಂ, ಯೂರೋಪಿನಲ್ಲಿ ಅದರ ಹತ್ತನೆಯ ಒಂದು ಭಾಗ, 0.05. ಹಾಲಿನ ಹಸುವಿನ ಮಿಶ್ರ ಆಹಾರಕ್ಕೆ ಯೂರೋಪು ವಿಧಿಸಿರುವ ಮಿತಿ ಕಿಲೋಗ್ರಾಮಿಗೆ 5 ಮೈಕ್ರೋಗ್ರಾಂ. ರಫ್ತಿನ ಆಸೆಯಿರುವವರು ಈ ಸಂಖ್ಯೆಗಳನ್ನು ಗೋಡೆಗೆ ಬರೆದಿಟ್ಟುಕೊಳ್ಳುವುದು ಒಳಿತು.

ಸಾರಜನಕದ ಮೋಸ

ಪಶು ಆಹಾರದ ಬೆಲೆ ನಿಂತಿರುವುದು ಅದರ ಸಸಾರಜನಕದ ಪ್ರಮಾಣದ ಮೇಲೆ. ಪ್ರಯೋಗಾಲಯ ಅಳೆಯುವುದು ಸಾಮಾನ್ಯವಾಗಿ ಸಾರಜನಕವನ್ನು. ಅದನ್ನು ಗುಣಿಸಿ ಸಸಾರಜನಕವೆಂದು ಬರೆಯಲಾಗುತ್ತದೆ. ಈ ಸಂದಿನಲ್ಲಿಯೇ ಕಲಬೆರಕೆ ನುಸುಳುತ್ತದೆ. 2007ರಲ್ಲಿ ಚೀನಾದಿಂದ ಅಮೆರಿಕಕ್ಕೆ ಬಂದ ಗೋಧಿ ಗ್ಲುಟೆನ್‌ನಲ್ಲಿ ಮೆಲಮೈನ್ ಬೆರೆಸಲಾಗಿತ್ತು. ಪ್ಲಾಸ್ಟಿಕ್ ತಟ್ಟೆ ತಯಾರಿಸುವ ಆ ಪುಡಿಯಲ್ಲಿ ಸಾರಜನಕ ಹೇರಳ. ಅದರೊಂದಿಗೆ ಸಯನ್ಯೂರಿಕ್ ಆಮ್ಲವೂ ಸೇರಿದ್ದರಿಂದ ನಾಯಿ ಬೆಕ್ಕುಗಳ ಮೂತ್ರಪಿಂಡಗಳಲ್ಲಿ ಹರಳು ಕಟ್ಟಿ ಅವು ಸತ್ತವು. ಆರು ಕೋಟಿ ಡಬ್ಬಿ ಹಾಗೂ ಪೊಟ್ಟಣಗಳನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳುವ ಘೋಷಣೆಯಾಯಿತು. ಮರುವರ್ಷ ಅದೇ ಮೆಲಮೈನ್ ಚೀನಾದಲ್ಲಿ ಶಿಶುಗಳ ಹಾಲಿನ ಪುಡಿಯಲ್ಲಿ ಕಂಡುಬಂತು. ಹೊಸ ಮೂಲದಿಂದ ಅಗ್ಗದ ಕಚ್ಚಾವಸ್ತು ಕೊಳ್ಳುವ ಮಿಶ್ರಣ ಘಟಕದವರು ‘ಸಸಾರಜನಕ ಶೇಕಡಾ ಇಷ್ಟು’ ಎಂಬ ಒಂದೇ ಸಾಲಿನ ವರದಿಯನ್ನು ನಂಬುವಂತಿಲ್ಲ.

ನಮ್ಮಲ್ಲಿ ಈ ಪಾತ್ರಕ್ಕೆ ಒದಗುವುದು ಯೂರಿಯಾ. ಹದವರಿತು, ಚೆನ್ನಾಗಿ ಬೆರೆಸಿ, ಕ್ರಮೇಣ ಅಭ್ಯಾಸ ಮಾಡಿಸಿದರೆ ಬೆಳೆದ ದನಕ್ಕೆ ಅದು ಆಹಾರವೂ ಹೌದು. ಹೆಚ್ಚಾದರೆ ಮೊದಲ ಹೊಟ್ಟೆಯಲ್ಲಿ ಅಮೋನಿಯಾ ತುಂಬಿ, ಅರ್ಧ ಗಂಟೆಯಿಂದ ಕೆಲವು ಗಂಟೆಗಳೊಳಗೆ ಹೊಟ್ಟೆಯುಬ್ಬರ, ನಡುಕ, ಸೆಳೆತಗಳಿಂದ ಪ್ರಾಣ ಹೋಗುತ್ತದೆ. ಬೆರೆಸುವಾಗ ಗಂಟು ಉಳಿದರೆ ಸಾಕು. ಆ ಗಂಟು ಬಂದ ಬೋಗುಣಿಯ ದನ ಸಾಯುತ್ತದೆ, ಪಕ್ಕದ್ದು ಬದುಕುತ್ತದೆ. ಖಾಲಿ ಯೂರಿಯಾ ಚೀಲವನ್ನು ಕೊಟ್ಟಿಗೆಯ ತೊಟ್ಟಿಯಲ್ಲಿ ತೊಳೆದು, ಅದೇ ನೀರನ್ನು ದನ ಕುಡಿದು ಸತ್ತ ಪ್ರಸಂಗಗಳನ್ನು ಪಶುವೈದ್ಯರು ಬಲ್ಲರು. ತಣ್ಣೀರು ಹಾಗೂ ವಿನಿಗರ್ ಕುಡಿಸುವುದು ಇದರ ಚಿಕಿತ್ಸೆಯಾದರೂ ಸಮಯಕ್ಕೆ ದೊರೆತರೆ ಮಾತ್ರ ಫಲ. ಗೊಬ್ಬರದ ಹಳೆಯ ಚೀಲಗಳಲ್ಲಿ ಬೂಸಾ ತುಂಬಿ ಮಾರುವ ಚಿಲ್ಲರೆ ವ್ಯಾಪಾರ ನಿಂತರೆ ಈ ದುರಂತಗಳಲ್ಲಿ ಒಂದು ಪಾಲು ತಾನಾಗಿ ತಪ್ಪುತ್ತದೆ.

ಕೀಟನಾಶಕದ ಕಪಾಟು

ಒಂದೇ ಲಾರಿಯಲ್ಲಿ ಬೂಸಾ ಮತ್ತು ಕೀಟನಾಶಕ ಹೇರುವುದು ಸಣ್ಣ ಊರುಗಳಲ್ಲಿ ಸಾಮಾನ್ಯ ದೃಶ್ಯ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಸೋಂಕಿದ ಗೋಧಿಹಿಟ್ಟು ತಿಂದು ನೂರಕ್ಕೂ ಹೆಚ್ಚು ಜನ ಸತ್ತದ್ದು ಆಹಾರವನ್ನೂ ಕೀಟನಾಶಕವನ್ನೂ ಒಟ್ಟಿಗೆ ಸಾಗಿಸಿದ್ದರ ಫಲ. ಆ ದುರಂತದ ವಿಚಾರಣೆಯ ಹಿನ್ನೆಲೆಯಲ್ಲಿಯೇ ಕೀಟನಾಶಕ ಕಾಯ್ದೆ 1968 ರೂಪುಗೊಂಡಿತು. ಅದರಡಿಯ 1971ರ ನಿಯಮಗಳು ಕೀಟನಾಶಕವು ಆಹಾರ ಪದಾರ್ಥಕ್ಕಾಗಲೀ ಪಶು ಆಹಾರಕ್ಕಾಗಲೀ ತಾಗುವಂತೆ ಸಾಗಿಸಬಾರದು, ದಾಸ್ತಾನು ಮಾಡಬಾರದು ಎಂದು ಸ್ಪಷ್ಟವಾಗಿ ವಿಧಿಸುತ್ತವೆ.

ಕೀಟನಾಶಕದ ಡಬ್ಬಿಯ ಮೇಲಿನ ವಜ್ರಾಕೃತಿಯ ಚಿಹ್ನೆಯ ಬಣ್ಣ ಅಲಂಕಾರಕ್ಕಲ್ಲ. ಕೆಂಪು ಅತ್ಯುಗ್ರ, ನಂತರ ಹಳದಿ, ನೀಲಿ, ಕೊನೆಗೆ ಹಸಿರು. ಕೆಂಪು ಗುರುತಿನ ಔಷಧವನ್ನು ಬಿಡಿಯಾಗಿ ಹಳೆಯ ಶೀಶೆಗೆ ಸುರಿದು ಕೊಟ್ಟರೆ ಆ ಎಚ್ಚರಿಕೆ ಅಂಗಡಿಯಲ್ಲಿಯೇ ಉಳಿದುಹೋಗುತ್ತದೆ. ಇನ್ನೊಂದು ಅಪಾಯ ‘ದನದ ಉಣ್ಣೆಗೆ ಏನಾದರೂ ಕೊಡಿ’ ಎಂಬ ಕೋರಿಕೆಯಿಂದ ಹುಟ್ಟುತ್ತದೆ. ಬೆಳೆಗೆ ಸಿಂಪಡಿಸುವ ಔಷಧವನ್ನು ಅಂದಾಜಿನ ಮೇಲೆ ದನದ ಮೈಗೆ ಬಳಿದರೆ ಅದು ಚರ್ಮದ ಮೂಲಕವೂ ನೆಕ್ಕುವುದರಿಂದಲೂ ಒಳಸೇರುತ್ತದೆ. ಜೊಲ್ಲು ಸುರಿಯುವುದು, ಭೇದಿ, ಕಣ್ಣಪಾಪೆ ಕುಗ್ಗುವುದು, ಮೈ ನಡುಕ ಇವು ಆರ್ಗನೋಫಾಸ್ಫೇಟ್ ಜಾತಿಯ ವಿಷಗಳ ಲಕ್ಷಣ. ವೈದ್ಯರು ಅಟ್ರೋಪಿನ್ ಕೊಡುವಷ್ಟು ಸಮಯ ಸಿಕ್ಕರೆ ಉಳಿಸಬಹುದು. ಹಾಗೆಯೇ ನಾಯಿಯ ಉಣ್ಣೆಗೆಂದು ಮಾರುವ ಪರ್ಮೆಥ್ರಿನ್ ಹನಿಮದ್ದು ಬೆಕ್ಕಿಗೆ ಮಾರಕವಾಗಬಲ್ಲುದು. ಫೋರೇಟ್, ಟ್ರಯಜೋಫಾಸ್ ಮೊದಲಾದ ಕೆಲವು ಕೀಟನಾಶಕಗಳು 2020ರ ಡಿಸೆಂಬರ್ ಅಂತ್ಯದಿಂದ ದೇಶದಲ್ಲಿ ನಿಷಿದ್ಧ. ಹಳೆಯ ದಾಸ್ತಾನು ಮೂಲೆಯಲ್ಲಿದ್ದರೆ ಅದು ಸರಕಲ್ಲ, ಹೊಣೆ.

ಇಲಿಪಾಷಾಣಗಳಲ್ಲಿ ಎರಡು ಬಗೆಯನ್ನು ಪ್ರತ್ಯೇಕವಾಗಿ ತಿಳಿದಿರಬೇಕು. ಕಪ್ಪು ಪುಡಿಯ ಸತುವಿನ ಫಾಸ್ಫೈಡ್ ಹೊಟ್ಟೆಯ ಆಮ್ಲದೊಡನೆ ಸೇರಿ ವಿಷಾನಿಲ ಹೊರಡಿಸುತ್ತದೆ, ಪ್ರತಿವಿಷವಿಲ್ಲ. ಬ್ರೋಮಾಡಿಯೋಲೋನ್ ಬಿಲ್ಲೆ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವಂಥದು. ತಿಂದ ನಾಯಿ ಮೂರು ನಾಲ್ಕು ದಿನ ಆರೋಗ್ಯವಾಗಿಯೇ ಕಂಡು ನಂತರ ರಕ್ತಸ್ರಾವದಿಂದ ಕುಸಿಯುತ್ತದೆ. ಇದಕ್ಕೆ ಕೆ1 ಜೀವಸತ್ವದ ಚಿಕಿತ್ಸೆಯಿದೆ. ಉಗ್ರಾಣದಲ್ಲಿ ಇಟ್ಟ ಬಿಲ್ಲೆ ಯಾವುದೆಂಬುದು ಕಾವಲುಗಾರನಿಗಾದರೂ ಗೊತ್ತಿದ್ದರೆ ಕಾವಲು ನಾಯಿ ಬದುಕುತ್ತದೆ.

ಕಾರ್ಖಾನೆಯ ಹಿತ್ತಲು

ಸೀಸಕ್ಕೆ ಒಂದು ಬಗೆಯ ಸಿಹಿಯಿದೆಯೆಂಬ ಮಾತು ನಿಜವೋ ಏನೋ, ದನ ಅದನ್ನು ನೆಕ್ಕುವುದಂತೂ ನಿಜ. ಒಡೆದ ಬ್ಯಾಟರಿಯ ತಗಡು, ಹಳೆಯ ಬಣ್ಣದ ಸಿಪ್ಪೆ, ಯಂತ್ರದ ಸುಟ್ಟ ಎಣ್ಣೆ ಇವುಗಳಿಂದ ಜಾನುವಾರುಗಳಿಗೆ, ಅದರಲ್ಲೂ ಕರುಗಳಿಗೆ, ಸೀಸ ಏರುತ್ತದೆ. ಕಣ್ಣು ಕಾಣದೆ ಅಲೆಯುವುದು, ಹಲ್ಲು ಕಡಿಯುವುದು, ಗೋಡೆಗೆ ತಲೆಯೊತ್ತಿ ನಿಲ್ಲುವುದು ಅದರ ಗುರುತು. ನೋಡಿದವರು ಹುಚ್ಚುನಾಯಿ ಕಚ್ಚಿದೆಯೆಂದು ಭ್ರಮಿಸುವುದೂ ಉಂಟು. ಹಳೆಯ ಬ್ಯಾಟರಿಗಳ ವಿಲೇವಾರಿಗೆ 2001ರ ನಿಯಮಗಳಿದ್ದವು. ಈಗ 2022ರ ನಿಯಮಗಳಿವೆ. ಗೃಹಬಳಕೆಯ ಬಣ್ಣಗಳಲ್ಲಿ ಸೀಸ ದಶಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಅದಕ್ಕೂ ಹಿಂದೆ ಬಳಿದ ಬಾಗಿಲು, ಗೇಟುಗಳು ಇನ್ನೂ ಊರ ತುಂಬ ಇವೆ, ಕೆರೆದು ಬಣ್ಣ ಹೊಡೆಸಿದಾಗ ಆ ಸಿಪ್ಪೆ ಬೀಳುವುದು ಹಿತ್ತಲಿಗೇ.

ಜನರೇಟರ್, ವಾಹನಗಳ ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ. ಸೋರಿ ನೆಲದ ಮೇಲೆ ನಿಂತ ಒಂದೆರಡು ಚಮಚೆಯಷ್ಟು ದ್ರವವೇ ಬೆಕ್ಕಿನ ಮೂತ್ರಪಿಂಡವನ್ನು ಕೆಡಿಸಿ ಕೊಲ್ಲಬಲ್ಲುದು.

ಮನೆಯ ನಾಯಿ ಬೆಕ್ಕುಗಳಿಗೆ ಅಪಾಯ ತರುವ ಇತರ ವಸ್ತುಗಳು ಅಡುಗೆಮನೆ ಹಾಗೂ ಔಷಧದ ಪೆಟ್ಟಿಗೆಯವು. ಚಾಕೊಲೇಟು, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ನಾಯಿಗೆ ಆಗದು. ಸಕ್ಕರೆರಹಿತ ಚೂಯಿಂಗ್ ಗಮ್ ಮತ್ತು ಸಿಹಿಗಳಲ್ಲಿ ಬಳಸುವ ಜೈಲಿಟಾಲ್ ನಾಯಿಯ ರಕ್ತದ ಸಕ್ಕರೆಯನ್ನು ಹಠಾತ್ತನೆ ಇಳಿಸುತ್ತದೆ. ಬೇಕರಿ ಉದ್ಯಮಿಗಳು ಲೇಬಲ್ಲಿನಲ್ಲಿ ಅದರ ಹೆಸರನ್ನು ಕಾಣುವಂತೆ ಬರೆಯುವುದು ಉಪಕಾರ. ಜ್ವರಕ್ಕೆಂದು ಕೊಡುವ ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕಿಗೆ ಪ್ರಾಣಾಂತಿಕವಾದೀತು. ಔಷಧಿ ಅಂಗಡಿಯವರು ಈ ಒಂದು ಮಾತನ್ನು ನೆನಪಿಟ್ಟುಕೊಂಡರೆ ಸಾಕು. ಎಳೆಯ ಅಥವಾ ಬರಕ್ಕೆ ಬಾಡಿದ ಜೋಳದ ಕೂಳೆಯಲ್ಲಿ ಸಯನೈಡು ಇರುವುದನ್ನು ಉತ್ತರ ಕರ್ನಾಟಕದ ರೈತ ವರ್ತಕನಿಗಿಂತ ಚೆನ್ನಾಗಿ ಬಲ್ಲ.

ದೂರು ಬಂದಾಗ

ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಮುಂದಿನ ವರ್ಷದ ಜುಲೈನಿಂದ ಜಾರಿಗೆ ಬಂದಿದ್ದು, ಸರಕಿನ ದೋಷದಿಂದಾದ ಹಾನಿಗೆ ತಯಾರಕನಷ್ಟೇ ಅಲ್ಲದೆ ಮಾರಾಟಗಾರನೂ ಹೊಣೆಯಾಗುವ ಸಂದರ್ಭಗಳನ್ನು ಅದು ಹೆಸರಿಸುತ್ತದೆ. ಸರಕನ್ನು ಮಾರ್ಪಡಿಸಿ ಮಾರಿದ್ದರೆ, ತಯಾರಕನು ಯಾರೆಂದು ತಿಳಿಯದಿದ್ದರೆ, ತಯಾರಕ ಕೊಟ್ಟ ಎಚ್ಚರಿಕೆಯನ್ನು ಗಿರಾಕಿಗೆ ತಲಪಿಸದಿದ್ದರೆ ಅಂಗಡಿಯವನು ‘ನಾನು ತಂದು ಮಾರಿದವನಷ್ಟೆ’ ಎಂದು ಕೈ ತೊಳೆದುಕೊಳ್ಳಲು ಬರುವುದಿಲ್ಲ. ಬಿಡಿ ಮಾರಾಟದಲ್ಲಿ ಈ ಮೂರೂ ಒಟ್ಟಿಗೆ ನಡೆಯುವುದೇ ಹೆಚ್ಚು.

ಆದ್ದರಿಂದ ಒಂದು ದನ ಸತ್ತಿತೆಂಬ ದೂರು ಬಂದಾಗ ವಾದಕ್ಕೆ ನಿಲ್ಲುವ ಮೊದಲು ಅದೇ ತಂಡದ ಚೀಲಗಳ ಮಾರಾಟ ನಿಲ್ಲಿಸಿ, ಯಾರು ಯಾರಿಗೆ ಹೋಗಿದೆಯೆಂದು ಬಿಲ್ಲಿನ ಪುಸ್ತಕದಿಂದ ಗುರುತಿಸಿ ಅವರಿಗೆ ತಿಳಿಸಬೇಕು. ಬಿಲ್ಲಿಲ್ಲದ ವ್ಯಾಪಾರದಲ್ಲಿ ಇದು ಸಾಧ್ಯವಾಗದು. ಗಿರಾಕಿಯು ಪಶುವೈದ್ಯರನ್ನು ಕರೆಸಲಿ. ಪಶು ಚಿಕಿತ್ಸಾ ವಾಹನಕ್ಕಾಗಿ 1962 ಸಂಖ್ಯೆಯ ಸಹಾಯವಾಣಿಯಿದೆ. ಉಳಿದ ಆಹಾರ, ಹೊಟ್ಟೆಯೊಳಗಿನ ಮೇವು, ಯಕೃತ್ತು ಹಾಗೂ ಮೂತ್ರಪಿಂಡದ ತುಣುಕುಗಳು ಇವುಗಳ ಪರೀಕ್ಷೆಯಿಲ್ಲದೆ ವಿಷ ಯಾವುದೆಂದು ಯಾರೂ ಹೇಳಲಾರರು. ದನವನ್ನು ಹೂಳುವ ಅವಸರದಲ್ಲಿ ಸಾಕ್ಷ್ಯವೂ ಮಣ್ಣು ಸೇರುತ್ತದೆ, ಆಮೇಲೆ ಉಳಿಯುವುದು ಪರಸ್ಪರ ದೂಷಣೆ ಮಾತ್ರ. ವಿಷದಿಂದ ಸತ್ತ ದನದ ಮಾಂಸವನ್ನಾಗಲೀ ಚರ್ಮವನ್ನಾಗಲೀ ಮಾರಬಾರದೆಂಬುದನ್ನೂ ತಿಳಿಹೇಳಬೇಕಾಗುತ್ತದೆ.

ಮಿಶ್ರಣ ಘಟಕಗಳವರು ಪ್ರತಿ ತಂಡದಿಂದ ಅರ್ಧ ಕಿಲೋ ಮಾದರಿಯನ್ನು ತೆಗೆದು, ತಾರೀಖು ಹಾಗೂ ತಂಡದ ಸಂಖ್ಯೆ ಬರೆದು, ಮೊಹರು ಮಾಡಿ, ಸರಕು ಪೂರ್ತಿ ಬಳಕೆಯಾಗುವ ತನಕ ಒಣ ಜಾಗದಲ್ಲಿ ಇಡುವ ಪದ್ಧತಿಯನ್ನು ರೂಢಿಸಿಕೊಳ್ಳಬಹುದು. ತಪ್ಪು ತಮ್ಮದಾಗಿದ್ದರೆ ಅದು ಉಳಿದ ಕೊಟ್ಟಿಗೆಗಳನ್ನು ಉಳಿಸುತ್ತದೆ. ತಮ್ಮದಲ್ಲದಿದ್ದರೆ ಘಟಕದ ಹೆಸರನ್ನು. ಬೇಕಾಗುವುದು ಗೋಡೆಯ ಮೇಲೆ ಒಂದು ಹಲಗೆಯಷ್ಟು ಜಾಗ.